ಸ್ವಂತ ಗೋಡೆಗೊಂದು ಮೊಳೆ

ನಾನು ಹುಟ್ಟಿದ ಮೇಲೆ ನಾವು ಆರು ಮನೆ ಬದಲಿಸಿದ್ದೇವೆ. ಆರೂ ಬಾಡಿಗೆ ಮನೆ, ಆರೂ ತುಮಕೂರಿನಲ್ಲೇ. ಓನರ್‌ಗಳು ಬೇರೆ ಬೇರೆಯಾದರೂ ಒಂದು ಷರತ್ತು ಮಾತ್ರ ಎಲ್ಲ ಕಡೆ ಒಂದೇ ಆಗಿತ್ತು: ಗೋಡೆಗೆ ಮೊಳೆ ಹೊಡೆಯಬಾರದು. ಹಾಗಾಗಿ ನಮ್ಮ ಮನೆಯ ಕ್ಯಾಲೆಂಡರ್ ಯಾವಾಗಲೂ ಕಿಟಕಿಯ ಸರಳಿಗೆ ನೇತಾಡುತ್ತಿತ್ತು. ತಾತನ ಫೋಟೊ ಬೀರುವಿನ ಮೇಲೆ ಗೋಡೆಗೆ ಒರಗಿಕೊಂಡು ಕೂತಿರುತ್ತಿತ್ತು. ಫ್ಯಾನ್ ಜೋರಾಗಿ ತಿರುಗಿದರೆ ತಾತ ಮುಂದಕ್ಕೆ ಬಾಗುತ್ತಿದ್ದರು, ಅಜ್ಜಿ ಎದ್ದು ಹೋಗಿ ಸರಿಮಾಡುತ್ತಿದ್ದರು.

ಕಳೆದ ಮಾಘ ಮಾಸದಲ್ಲಿ ನಾವು ಸ್ವಂತ ಮನೆಗೆ ಬಂದೆವು. ಬರುವ ಮೊದಲು ಒಂದು ಮನೆ ಕೈತಪ್ಪಿತು, ಸ್ವಲ್ಪ ದುಡ್ಡೂ ಹೋಯಿತು. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ. ಮನೆ ಕೊಳ್ಳುವುದು ದೊಡ್ಡವರ ವಿಷಯ, ನಮಗೇಕೆ ಎಂದು ನನ್ನಂತೆಯೇ ಸುಮ್ಮನಿರುವ ಗೆಳೆಯ ಗೆಳತಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಬಿಳಿ ಹಾಳೆಯ ಮೇಲಿನ ಒಂದು ಲಕ್ಷ

ಆಗ ನಾನು ಬಿಇ ಮೂರನೇ ಸೆಮಿಸ್ಟರ್‌ನಲ್ಲಿದ್ದೆ. ಅಪ್ಪ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಗುಮಾಸ್ತರು, ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಅಪ್ಪನಿಗೆ ಪರಿಚಯದವರ ಮೂಲಕ ಒಂದು ಮನೆ ಗೊತ್ತಾಯಿತು. ಬೆಲೆ ಸ್ವಲ್ಪ ಕಡಿಮೆಯೇ ಇತ್ತು. ‘ಒಂದ್ಸಲ ಬಂದು ಕಾಗದಪತ್ರ ನೋಡ್ತೀಯಾ ಮಗಳೇ?’ ಎಂದು ಅಪ್ಪ ಕೇಳಿದರು. ‘ಇಂಟರ್ನಲ್ಸ್ ಇದೆ ಅಪ್ಪಾ, ನಂಗೇನು ಗೊತ್ತಾಗುತ್ತೆ ಅದೆಲ್ಲ’ ಅಂದೆ.

ಮಾರುವವರು ಕ್ರಯಪತ್ರದ ಕಲರ್ ಜೆರಾಕ್ಸ್ ತೋರಿಸಿದರು. ‘ಅಸಲು ಲಾಕರ್‌ನಲ್ಲಿದೆ, ರಿಜಿಸ್ಟ್ರೇಷನ್ ದಿನ ತರ್ತೀನಿ’ ಅಂದರು. ಅಪ್ಪ 2010ರಿಂದ ಈಚೆಗಿನ ಋಣಭಾರ ಪತ್ರ, ಅಂದರೆ ಎಲ್ಲರೂ ಇಸಿ ಅನ್ನುವುದನ್ನು ತೆಗೆಸಿದ್ದರು. ಅದರಲ್ಲಿ ಏನೂ ಇರಲಿಲ್ಲ. ಇನ್ನೇನು ತೊಂದರೆ ಎಂದುಕೊಂಡು ಒಂದು ಲಕ್ಷ ರೂಪಾಯಿ ನಗದು ಮುಂಗಡ ಕೊಟ್ಟರು. ಬಿಳಿ ಹಾಳೆಯ ಮೇಲೆ ನಾಲ್ಕು ಸಾಲು ಬರೆದು ಸಹಿ ಮಾಡಿಸಿಕೊಂಡರು. ಆ ದುಡ್ಡು ಅಮ್ಮ ಚೀಟಿ ಕಟ್ಟಿ ಕೂಡಿಟ್ಟದ್ದು.

ಸಾಲಕ್ಕೆ ಅರ್ಜಿ ಹಾಕಿದಾಗ ಬ್ಯಾಂಕಿನವರು ಅಸಲು ಪತ್ರ ಕೇಳಿದರು. ಮಾರುವವರು ಎರಡು ತಿಂಗಳು ಇವತ್ತು ನಾಳೆ ಎಂದು ದಿನ ತಳ್ಳಿದರು. ಕೊನೆಗೆ ಗೊತ್ತಾದದ್ದು, ಅಸಲು ಪತ್ರ ಒಂದು ಪತ್ತಿನ ಸಹಕಾರ ಸಂಘದಲ್ಲಿ ಅಡವಿದೆ ಎಂದು. ಪತ್ರವನ್ನು ಒತ್ತೆ ಇಟ್ಟು ಸಾಲ ಪಡೆದರೂ ಆ ವ್ಯವಹಾರ ನೋಂದಣಿ ಆಗದಿದ್ದರೆ ಇಸಿಯಲ್ಲಿ ಕಾಣಿಸುವುದಿಲ್ಲ ಎಂಬುದು ನಮಗೆ ಗೊತ್ತೇ ಇರಲಿಲ್ಲ. ಮುಂಗಡ ವಾಪಸ್ ಬರಲು ಹನ್ನೊಂದು ತಿಂಗಳು ಬೇಕಾಯಿತು. ಐದು ಸಾವಿರ, ಹತ್ತು ಸಾವಿರ ಎಂದು ಕಂತಿನಲ್ಲಿ ಬಂತು. ಕೊನೆಯ ಹದಿನೈದು ಸಾವಿರ ಇವತ್ತಿಗೂ ಬಂದಿಲ್ಲ. ಆ ವರ್ಷ ನನ್ನ ಕಾಲೇಜು ಶುಲ್ಕ ಕಟ್ಟಲು ಅಮ್ಮನ ಬಳೆ ಗಿರವಿಗೆ ಹೋದವು. ಅಮ್ಮ ಒಂದು ಮಾತೂ ಆಡಲಿಲ್ಲ. ಬರೀ ಕೈಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿರುತ್ತಿದ್ದರು. ಅದನ್ನು ನೋಡಲಾಗದೆ ನಾನು ಕಾಗದಪತ್ರ ಓದಲು ಕಲಿತೆ.

ಕೇಳಬೇಕಾದ ಪತ್ರಗಳು

ಎರಡನೇ ಮನೆ ನೋಡುವಾಗ ಒಂದು ನೋಟ್‌ಬುಕ್ ಮಾಡಿಕೊಂಡೆ. ನಮಗೆ ಸಹಾಯ ಮಾಡಿದ ವಕೀಲರು ಹೇಳಿಕೊಟ್ಟದ್ದನ್ನೆಲ್ಲ ಅದರಲ್ಲಿ ಬರೆದಿಟ್ಟಿದ್ದೇನೆ. ನಿಮಗೂ ಬೇಕಾಗಬಹುದಾದಷ್ಟನ್ನು ಇಲ್ಲಿ ಕೊಡುತ್ತೇನೆ.

ಮೊದಲನೆಯದು ಮೂಲಪತ್ರ. ಈ ಜಾಗ ಈಗಿನ ಮಾಲೀಕರಿಗೆ ಯಾರಿಂದ ಬಂತು, ಅವರಿಗೆ ಯಾರಿಂದ ಬಂತು ಎಂಬ ಸರಪಳಿ ಎಲ್ಲೂ ತುಂಡಾಗಿರಬಾರದು. ಕ್ರಯದಿಂದ ಬಂದಿದ್ದರೆ ಕ್ರಯಪತ್ರ, ಪಾಲಿನಿಂದ ಬಂದಿದ್ದರೆ ವಿಭಾಗಪತ್ರ, ದಾನವಾದರೆ ದಾನಪತ್ರ ಇರಬೇಕು. ಪ್ರತಿಯೊಂದರ ಅಸಲನ್ನೂ ಕೈಯಲ್ಲಿ ಹಿಡಿದು ನೋಡಬೇಕು. ‘ಅಸಲು ಎಲ್ಲಿದೆ?’ ಎಂಬುದೇ ಈಗ ನನ್ನ ಮೊದಲ ಪ್ರಶ್ನೆ. ಬ್ಯಾಂಕಿನಲ್ಲಿ ಸಾಲಕ್ಕೆ ಇಟ್ಟಿದ್ದಾರೆ ಅಂದರೆ ಅದರಲ್ಲಿ ತಪ್ಪೇನಿಲ್ಲ. ಯಾವ ಬ್ಯಾಂಕು, ಎಷ್ಟು ಬಾಕಿ ಎಂದು ಬರಹದಲ್ಲಿ ಪಡೆದು, ನಾವು ಕೊಡುವ ಹಣದಿಂದಲೇ ಆ ಸಾಲ ತೀರಿಸಿ ಪತ್ರ ಬಿಡಿಸಿಕೊಳ್ಳುವ ದಾರಿ ಇದೆ. ತೊಂದರೆ ಇರುವುದು ಮುಚ್ಚಿಟ್ಟಾಗ.

ಎರಡನೆಯದು ಇಸಿ. ವ್ಯವಹಾರಗಳಿದ್ದರೆ ನಮೂನೆ 15ರಲ್ಲಿ, ಏನೂ ಇಲ್ಲದಿದ್ದರೆ ನಮೂನೆ 16ರಲ್ಲಿ ಬರುತ್ತದೆ. 2004ರಿಂದ ಈಚಿನದನ್ನು ಕಾವೇರಿ 2.0 ಜಾಲತಾಣದಲ್ಲಿ ಮನೆಯಿಂದಲೇ ಪಡೆಯಬಹುದು. ಅದಕ್ಕೂ ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಗೆ ಹೋಗಬೇಕು. ಹತ್ತು ಹದಿನೈದು ವರ್ಷದ್ದು ತೆಗೆಸಿ ಸಮಾಧಾನ ಪಡಬೇಡಿ, ಕನಿಷ್ಠ ಮೂವತ್ತು ವರ್ಷದ್ದನ್ನು ನೋಡಿ ಎಂದು ನಮ್ಮ ವಕೀಲರು ಹೇಳಿದರು. ಇಸಿ ಎಲ್ಲವನ್ನೂ ಹೇಳುವುದಿಲ್ಲ ಎಂಬುದೂ ನೆನಪಿರಲಿ. ನೋಂದಣಿಯಾದ ವ್ಯವಹಾರಗಳು ಮಾತ್ರ ಅದರಲ್ಲಿ ಇರುತ್ತವೆ. ನೋಂದಣಿಯಾಗದ ಕರಾರು, ಪತ್ರ ಒತ್ತೆ ಇಟ್ಟ ಸಾಲ, ನ್ಯಾಯಾಲಯದಲ್ಲಿ ನಡೆಯುತ್ತಿರುವ ದಾವೆ ಅದರಲ್ಲಿ ಕಾಣದೇ ಇರಬಹುದು. ಅದಕ್ಕೆಂದೇ ವಕೀಲರು ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಡಿಸುತ್ತಾರೆ. ಯಾರಿಗಾದರೂ ತಕರಾರಿದ್ದರೆ ಇಷ್ಟು ದಿನದೊಳಗೆ ತಿಳಿಸಿ ಎಂಬ ಆ ಪುಟ್ಟ ಜಾಹೀರಾತನ್ನು ನಾನು ಮೊದಲು ನೋಡಿಯೂ ನೋಡದಂತೆ ಪುಟ ತಿರುಗಿಸುತ್ತಿದ್ದೆ.

ಮೂರನೆಯದು ಖಾತೆ. ಬಹಳ ಜನ ಖಾತೆ ಇದ್ದರೆ ಮಾಲೀಕತ್ವ ಸಾಬೀತಾಯಿತು ಎಂದುಕೊಳ್ಳುತ್ತಾರೆ. ಖಾತೆ ಆಸ್ತಿ ತೆರಿಗೆಯ ಲೆಕ್ಕಕ್ಕಾಗಿ ಸ್ಥಳೀಯ ಸಂಸ್ಥೆ ಇಟ್ಟುಕೊಳ್ಳುವ ದಾಖಲೆ. ಹಕ್ಕು ಬರುವುದು ನೋಂದಾಯಿತ ಪತ್ರದಿಂದ. ಹಾಗೆಂದು ಖಾತೆಯನ್ನು ಬಿಡುವಂತಿಲ್ಲ. ಈಗ ನಮ್ಮ ರಾಜ್ಯದ ನಗರಗಳಲ್ಲಿ ಇ-ಖಾತೆ ಇಲ್ಲದೆ ಕ್ರಯಪತ್ರ ನೋಂದಣಿ ಆಗುವುದಿಲ್ಲ. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11 ಕೇಳಬೇಕು. ‘ಬಿ’ ಖಾತೆ ಎಂದರೆ ತೆರಿಗೆ ಕಟ್ಟಿಸಿಕೊಳ್ಳುತ್ತಾರೆ, ಆದರೆ ಬಡಾವಣೆಗೋ ಕಟ್ಟಡಕ್ಕೋ ಸರಿಯಾದ ಅನುಮತಿ ಇಲ್ಲ ಎಂದು ಅರ್ಥ. ಅಂಥದಕ್ಕೆ ಅನೇಕ ಬ್ಯಾಂಕುಗಳು ಸಾಲ ಕೊಡಲು ಹಿಂಜರಿಯುತ್ತವೆ. ಹೊಲವನ್ನು ಭೂಪರಿವರ್ತನೆ ಮಾಡಿಸದೆಯೇ ತುಂಡು ಮಾಡಿ ಮಾರಿದ ‘ರೆವಿನ್ಯೂ ಸೈಟ್’ ಆದರೆ ಬೆಲೆ ಎಷ್ಟೇ ಕಡಿಮೆ ಇದ್ದರೂ ಎರಡು ಸಲ ಯೋಚಿಸಿ.

ನಾಲ್ಕನೆಯದು ಸಹಿಗಳು. ಪಿತ್ರಾರ್ಜಿತ ಆಸ್ತಿಯಾದರೆ ಮನೆಯ ಗಂಡುಮಕ್ಕಳ ಸಹಿ ಮಾತ್ರ ಸಾಲದು. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಾನ ಹಕ್ಕಿದೆ. ‘ಅಕ್ಕಂಗೆ ಮದುವೆಲೇ ಎಲ್ಲಾ ಕೊಟ್ಟಿದೀವಿ, ಅವಳೇನೂ ಕೇಳಲ್ಲ’ ಎಂಬ ಮಾತನ್ನು ನಂಬಿ ಕೊಂಡವರು ಆಮೇಲೆ ಕೋರ್ಟಿಗೆ ಅಲೆಯುತ್ತಾರೆ. ವಂಶವೃಕ್ಷ ತರಿಸಿ, ಅದರಲ್ಲಿರುವ ಹಕ್ಕುದಾರರೆಲ್ಲರ ಸಹಿ ಹಾಕಿಸಿಕೊಳ್ಳಿ. ಹಾಗೆಯೇ ಜಮೀನು ಹಿಂದೆ ಪರಿಶಿಷ್ಟರಿಗೆ ಸರ್ಕಾರದಿಂದ ಮಂಜೂರಾದದ್ದೇ ಎಂದು ವಿಚಾರಿಸಿ. 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಅಂಥ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ, ಕೊಂಡರೂ ಉಳಿಯುವುದಿಲ್ಲ.

ನಾನು ಒಂದೊಂದೇ ಪತ್ರ ಕೇಳುತ್ತಿದ್ದಾಗ ಬ್ರೋಕರ್ ಅಂಕಲ್ ನಕ್ಕರು. ‘ನೀನ್ಯಾಕಮ್ಮ ಇದನ್ನೆಲ್ಲ ತಲೆಗೆ ಹಚ್ಕೊಳ್ತೀಯಾ, ದೊಡ್ಡೋರು ಮಾತಾಡ್ಕೊಳ್ತೀವಿ ಬಿಡು’ ಅಂದರು. ಯಾವತ್ತೂ ಗಟ್ಟಿ ಮಾತಾಡದ ಅಪ್ಪ, ‘ಅವಳು ಕೇಳ್ಲಿ ಬಿಡಿ ಸಾರ್, ಅವಳು ನೋಡಿದ ಮೇಲೇನೆ ನಾನು ಸಹಿ ಮಾಡೋದು’ ಅಂದರು. ನನಗೆ ಯಾವ ಸೆಮಿಸ್ಟರ್‌ನ ಅಂಕವೂ ಅಷ್ಟು ಖುಷಿ ಕೊಟ್ಟಿಲ್ಲ.

ಟೇಪು, ನಾಣ್ಯ ಮತ್ತು ಒಂದು ಬಕೆಟ್ ನೀರು

ನಾನು ಓದುತ್ತಿರುವುದು ಸಿವಿಲ್. ಹಾಗಾಗಿ ಮನೆ ಪರೀಕ್ಷೆ ನನ್ನ ಪಾಲಿಗೆ ಬಂತು. ಇದಕ್ಕೆ ಎಂಜಿನಿಯರಿಂಗ್ ಓದಿರಲೇಬೇಕೆಂದೇನಿಲ್ಲ, ತಾಳ್ಮೆ ಇದ್ದರೆ ಸಾಕು.

ಮೊದಲು ಟೇಪು ಹಿಡಿದು ನಿವೇಶನ ಅಳೆಯಿರಿ. ಕ್ರಯಪತ್ರದ ಕೊನೆಯಲ್ಲಿ ಚಕ್ಕುಬಂದಿ ಇರುತ್ತದೆ: ಪೂರ್ವಕ್ಕೆ ಏನು, ಪಶ್ಚಿಮಕ್ಕೆ ಯಾರ ಮನೆ, ಉತ್ತರ ದಕ್ಷಿಣಕ್ಕೆ ಎಷ್ಟು ಅಡಿ ಎಂದು. ಅದನ್ನು ಹಿಡಿದುಕೊಂಡು ನಾಲ್ಕೂ ಕಡೆ ತಾಳೆ ನೋಡಬೇಕು. ನಮ್ಮದು ಪತ್ರದಲ್ಲಿ 30ಕ್ಕೆ 40. ಅಳೆದಾಗ ಒಂದು ಕಡೆ ಹತ್ತು ಇಂಚು ಕಡಿಮೆ ಬಂತು. ಪಕ್ಕದವರ ಕಾಂಪೌಂಡ್ ಒಳಗೆ ಬಂದಿತ್ತು. ಕಾಂಪೌಂಡ್ ಹಳೆಯದು, ಅವರೂ ಒಳ್ಳೆಯವರು. ಎರಡೂ ಮನೆಯವರ ಎದುರಿಗೇ ಮಾತಾಡಿ, ಬೆಲೆಯಲ್ಲಿ ಅದನ್ನೂ ಲೆಕ್ಕ ಹಿಡಿದು ಒಪ್ಪಿಕೊಂಡೆವು. ಮನೆಗೆ ಬಂದ ಮೇಲೆ ಗೊತ್ತಾಗಿ ಜಗಳ ಆಡುವುದಕ್ಕಿಂತ ಮೊದಲೇ ಗೊತ್ತಾಗಿದ್ದು ಒಳ್ಳೆಯದಾಯಿತು.

ಆಮೇಲೆ ಬಿರುಕುಗಳು. ಗಾರೆಯ ಮೇಲೆ ಜೇಡರ ಬಲೆಯಂತೆ ಹರಡಿದ ಕೂದಲೆಳೆ ಬಿರುಕಿಗೆ ಹೆದರಬೇಕಾಗಿಲ್ಲ, ಅದು ಪ್ಲಾಸ್ಟರ್ ಒಣಗುವಾಗ ಬರುವಂಥದ್ದು. ಕಿಟಕಿ ಬಾಗಿಲ ಮೂಲೆಯಿಂದ ಓರೆಯಾಗಿ ಹೊರಟು, ಒಳಗೂ ಹೊರಗೂ ಒಂದೇ ಜಾಗದಲ್ಲಿ ಕಾಣುವ, ನಾಣ್ಯದ ಅಂಚು ತೂರುವಷ್ಟು ಅಗಲದ ಬಿರುಕು ಬೇರೆ. ಅದು ಪಾಯ ಕುಸಿದಿರುವುದರ ಗುರುತೂ ಆಗಿರಬಹುದು, ಅನುಭವಿ ಎಂಜಿನಿಯರರನ್ನು ಕರೆದು ತೋರಿಸಿ. ತಾರಸಿಯ ಕೆಳಭಾಗದಲ್ಲಿ ಕಂದು ಕಲೆ ಇದ್ದರೆ ಅಥವಾ ಸಿಮೆಂಟ್ ಉದುರಿ ಕಬ್ಬಿಣ ಕಾಣುತ್ತಿದ್ದರೆ ಒಳಗಿನ ಸರಳು ತುಕ್ಕು ಹಿಡಿಯುತ್ತಿದೆ ಎಂದು ಅರ್ಥ. ಗೋಡೆಯ ಬುಡದಲ್ಲಿ ಬಿಳಿ ಉಪ್ಪು ಬಿಟ್ಟಿದ್ದರೆ ನೆಲದಿಂದ ತೇವ ಏರುತ್ತಿದೆ. ಇಡೀ ಮನೆ ಹಳೆ ಬಣ್ಣದಲ್ಲಿದ್ದು ಒಂದು ಗೋಡೆಗೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ, ಅಲ್ಲಿ ಏನಿತ್ತು ಎಂದು ಕೇಳಿ.

ನೆಲದ ಟೈಲ್ಸ್ ಮೇಲೆ ನಾಣ್ಯದಿಂದ ತಟ್ಟಿದರೆ ಕೆಳಗೆ ಟೊಳ್ಳಿರುವ ಜಾಗದಲ್ಲಿ ಸದ್ದು ಬದಲಾಗುತ್ತದೆ. ಬಚ್ಚಲಲ್ಲಿ ಒಂದು ಬಕೆಟ್ ನೀರು ಸುರಿದು ಎಷ್ಟು ಬೇಗ ಹೋಗುತ್ತದೆ ನೋಡಿ, ಹತ್ತು ನಿಮಿಷ ಬಿಟ್ಟು ಬಚ್ಚಲ ಹಿಂದಿನ ಗೋಡೆಯನ್ನು ಮುಟ್ಟಿ ನೋಡಿ. ಎಲ್ಲ ನಲ್ಲಿಗಳನ್ನೂ ಒಟ್ಟಿಗೆ ಬಿಡಿ. ಎಲ್ಲ ಸ್ವಿಚ್ಚೂ ಹಾಕಿ. ಒಮ್ಮೆ ಮಧ್ಯಾಹ್ನ, ಒಮ್ಮೆ ರಾತ್ರಿ, ಸಾಧ್ಯವಾದರೆ ಒಮ್ಮೆ ಜೋರು ಮಳೆ ಬಂದು ನಿಂತ ಕೂಡಲೇ ಹೋಗಿ. ರಸ್ತೆಯ ನೀರು ಅಂಗಳಕ್ಕೆ ಬರುತ್ತದೋ ಇಲ್ಲವೋ ಎಂಬುದು ಮಳೆಯಲ್ಲಿ ಮಾತ್ರ ತಿಳಿಯುವ ಸತ್ಯ.

ಮನೆಯ ವಿಷಯ ಚೆನ್ನಾಗಿ ಗೊತ್ತಿರುವುದು ಅಕ್ಕಪಕ್ಕದವರಿಗೆ. ತುಮಕೂರಿಗೆ ಹೇಮಾವತಿ ನೀರು ಬುಗುಡನಹಳ್ಳಿ ಕೆರೆಯ ಮೂಲಕ ಬರುತ್ತದೆ. ಆದರೆ ಯಾವ ಬೀದಿಗೆ ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ, ಬೇಸಿಗೆಯಲ್ಲಿ ಬೋರ್‌ವೆಲ್ ನಿಲ್ಲುತ್ತದೆಯೇ ಎಂಬುದನ್ನು ಕಾಂಪೌಂಡಿನ ಆಚೆ ಬಟ್ಟೆ ಒಣಹಾಕುತ್ತಿದ್ದ ಆಂಟಿ ಐದು ನಿಮಿಷದಲ್ಲಿ ಅಮ್ಮನಿಗೆ ಹೇಳಿದರು. ಒಳಚರಂಡಿ ಸಂಪರ್ಕ ಇದೆಯೇ ಅಥವಾ ಗುಂಡಿಯೇ ಎಂಬುದನ್ನೂ ಅವರೇ ಹೇಳಿದರು.

2009ರಲ್ಲಿ ಕಟ್ಟಿದ ಮನೆ ಅದು. ಒಂದು ಬಚ್ಚಲ ಗೋಡೆಯ ತೇವ, ಸೋರುತ್ತಿದ್ದ ಸಿಂಟೆಕ್ಸ್ ಜೋಡಣೆ, ತಾರಸಿ ಮತ್ತು ಗೋಡೆಯ ಸಂದಿನಲ್ಲಿ ಬಿಸಿಲಿಗೆ ಬಂದ ಅಡ್ಡ ಬಿರುಕು ಎಲ್ಲವನ್ನೂ ಫೋಟೊ ತೆಗೆದು ಪಟ್ಟಿ ಮಾಡಿ ಕೊಟ್ಟೆ. ನಲವತ್ತೊಂದೂವರೆ ಲಕ್ಷ ಹೇಳಿದ್ದವರು ನಲವತ್ತಕ್ಕೆ ಇಳಿದರು.

ಅಪಾರ್ಟ್‌ಮೆಂಟ್ ಆದರೆ

ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ ಫ್ಲ್ಯಾಟ್ ನೋಡುವ ಸೀನಿಯರ್‌ಗಳಿಗೆ ಇನ್ನೊಂದಿಷ್ಟು ಮಾತು. ಜಾಗ 500 ಚದರ ಮೀಟರ್ ಮೀರಿದ ಅಥವಾ ಎಂಟಕ್ಕಿಂತ ಹೆಚ್ಚು ಫ್ಲ್ಯಾಟ್ ಇರುವ ಹೊಸ ಯೋಜನೆ ರೇರಾದಲ್ಲಿ ನೋಂದಣಿ ಆಗಿರಲೇಬೇಕು. ಕರ್ನಾಟಕ ರೇರಾ ಜಾಲತಾಣದಲ್ಲಿ ಯೋಜನೆಯ ಹೆಸರು ಹಾಕಿದರೆ ಅನುಮೋದಿತ ನಕ್ಷೆ, ಮುಗಿಸಬೇಕಾದ ದಿನಾಂಕ, ಬಂದಿರುವ ದೂರುಗಳು ಸಿಗುತ್ತವೆ. ಬಿಲ್ಡರ್ ನೋಂದಾಯಿತ ಕರಾರು ಮಾಡಿಕೊಡದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಮುಂಗಡ ತೆಗೆದುಕೊಳ್ಳುವಂತಿಲ್ಲ. ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ಕಟ್ಟಡದಲ್ಲಿ ರಚನಾ ದೋಷ ಕಂಡರೆ ಹಣ ಪಡೆಯದೆ ಸರಿಮಾಡಿಕೊಡಬೇಕು. ಜಾಹೀರಾತಿನ ‘ಸೂಪರ್ ಬಿಲ್ಟ್‌ಅಪ್’ ಅಡಿಯಲ್ಲಿ ಲಿಫ್ಟು, ಮೆಟ್ಟಿಲು, ಕಾರಿಡಾರಿನ ಪಾಲೂ ಸೇರಿರುತ್ತದೆ; ನೀವು ನಿಜವಾಗಿ ಕಾಲಿಡುವುದು ಕಾರ್ಪೆಟ್ ಏರಿಯಾದಲ್ಲಿ, ಅದನ್ನೇ ಕೇಳಿ. ಕಟ್ಟುತ್ತಿರುವ ಫ್ಲ್ಯಾಟಿಗೆ ಜಿಎಸ್‌ಟಿ ಸಾಮಾನ್ಯವಾಗಿ ಶೇ 5, ಅಗ್ಗದ ಮನೆಗಳ ವರ್ಗದಲ್ಲಿ ಶೇ 1. ಸ್ವಾಧೀನಾನುಭವ ಪತ್ರ ಸಿಕ್ಕ ಮೇಲೆ ಕೊಂಡರೆ ಜಿಎಸ್‌ಟಿ ಇಲ್ಲ. ಈ ಸ್ವಾಧೀನಾನುಭವ ಪತ್ರ ಅಂದರೆ ಓಸಿ ಇಲ್ಲದ ಕಟ್ಟಡಕ್ಕೆ ಹೋಗುವ ಮುನ್ನ ಜಾಗ್ರತೆ. ಅದನ್ನು ನೋಡದೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದು, ಬ್ಯಾಂಕುಗಳು ಸಾಲ ಕೊಡಬಾರದು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದೆ.

ಲೆಕ್ಕ ಎಲ್ಲಿ ತಪ್ಪುತ್ತದೆ

ನಲವತ್ತು ಲಕ್ಷದ ಮನೆಗೆ ನಲವತ್ತು ಲಕ್ಷ ಇದ್ದರೆ ಸಾಲದು. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜ್ ಸೇರಿ ನಗರದಲ್ಲಿ ಶೇ 5.6. ನೋಂದಣಿ ಶುಲ್ಕ ಮೊದಲು ಶೇ 1 ಇತ್ತು, 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. ಒಟ್ಟು ಶೇ 7.6, ಅಂದರೆ ನಮಗೆ 3,04,000 ರೂಪಾಯಿ. ಸರ್ಕಾರದ ಮಾರ್ಗಸೂಚಿ ದರ ಮತ್ತು ನೀವು ಕೊಡುವ ಬೆಲೆ, ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಈ ಲೆಕ್ಕ. ಬ್ರೋಕರ್‌ಗೆ ಶೇ 1ರಂತೆ 40 ಸಾವಿರ. ವಕೀಲರು, ಪತ್ರ ಬರಹಗಾರರು, ಬ್ಯಾಂಕಿನ ಶುಲ್ಕ ಸೇರಿ 38 ಸಾವಿರ. ರಿಪೇರಿ ಮತ್ತು ಬಣ್ಣಕ್ಕೆ 90 ಸಾವಿರ. ಗೃಹಪ್ರವೇಶಕ್ಕೆ 60 ಸಾವಿರ. ಕೂಡಿಸಿದರೆ ಐದು ಲಕ್ಷದ ಮೂವತ್ತೆರಡು ಸಾವಿರ. ಬೆಲೆ ಐವತ್ತು ಲಕ್ಷ ಮುಟ್ಟಿದರೆ ಕೊಳ್ಳುವವರೇ ಶೇ 1 ಟಿಡಿಎಸ್ ಹಿಡಿದು ಆದಾಯ ತೆರಿಗೆ ಇಲಾಖೆಗೆ ಕಟ್ಟಬೇಕು ಎಂಬುದೂ ನೆನಪಿರಲಿ.

ಸಾಲದ ನಿಯಮವನ್ನೂ ತಿಳಿದುಕೊಳ್ಳಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಸಾಲವಾದರೆ ಮನೆಯ ಮೌಲ್ಯದ ಗರಿಷ್ಠ ಶೇ 90, 30ರಿಂದ 75 ಲಕ್ಷದವರೆಗೆ ಶೇ 80, ಅದಕ್ಕೂ ಮೇಲೆ ಶೇ 75 ಮಾತ್ರ ಕೊಡಬಹುದು. ನೋಂದಣಿ ಖರ್ಚು ಸಾಮಾನ್ಯವಾಗಿ ಈ ಮೌಲ್ಯದಲ್ಲಿ ಸೇರುವುದಿಲ್ಲ, ಅದು ನಮ್ಮ ಜೇಬಿನಿಂದಲೇ ಹೋಗಬೇಕು.

ನಾವು ತೆಗೆದುಕೊಂಡದ್ದು 24 ಲಕ್ಷ. ಉಳಿದದ್ದಕ್ಕೆ ಊರಿನ ಅರ್ಧ ಎಕರೆ, ಅಪ್ಪನ ಪಿಎಫ್, ಅಮ್ಮನ ಚೀಟಿ ಸೇರಿದವು. ಒಂದು ರಾತ್ರಿ ನಾನು ಲ್ಯಾಪ್‌ಟಾಪ್‌ನಲ್ಲಿ ಕಂತಿನ ಲೆಕ್ಕ ಹಾಕಿ ಅಪ್ಪನಿಗೆ ತೋರಿಸಿದೆ. ಶೇ 8.5 ಬಡ್ಡಿಯಲ್ಲಿ ಇಪ್ಪತ್ತು ವರ್ಷಕ್ಕೆ ಕಂತು ಸುಮಾರು 20,830, ಒಟ್ಟು ಬಡ್ಡಿ ಸುಮಾರು 26 ಲಕ್ಷ. ಅದೇ ಹದಿನೈದು ವರ್ಷಕ್ಕೆ ಕಂತು ಸುಮಾರು 23,630, ಒಟ್ಟು ಬಡ್ಡಿ ಹದಿನೆಂಟೂವರೆ ಲಕ್ಷ. ತಿಂಗಳಿಗೆ 2,800 ಹೆಚ್ಚು ಕಟ್ಟಿದರೆ ಏಳು ಲಕ್ಷಕ್ಕೂ ಹೆಚ್ಚು ಉಳಿಯುತ್ತದೆ. ಅಪ್ಪನಿಗೀಗ ನಲವತ್ತೈದು, ಹದಿನೈದು ವರ್ಷಕ್ಕೆ ನಿವೃತ್ತಿ. ಅಪ್ಪ ತುಂಬಾ ಹೊತ್ತು ಪರದೆಯನ್ನೇ ನೋಡಿ, ‘ಹದಿನೈದೇ ಇರ್ಲಿ. ನಿನ್ನ ತಲೆ ಮೇಲೆ ಬಿಟ್ಟು ಹೋಗೋದು ಬೇಡ’ ಅಂದರು. ನಾನು ಕೆಲಸಕ್ಕೆ ಸೇರಿದ ಮೇಲೆ ಮಧ್ಯೆ ಮಧ್ಯೆ ಅಸಲಿಗೆ ಕಟ್ಟಿ ಇನ್ನೂ ಬೇಗ ಮುಗಿಸುವ ಆಸೆಯಿದೆ. ವ್ಯಕ್ತಿಗಳು ಪಡೆದ ಬದಲಾಗುವ ಬಡ್ಡಿದರದ ಗೃಹಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ಬ್ಯಾಂಕು ದಂಡ ಹಾಕುವಂತಿಲ್ಲ.

ಈ ಸಲ ಮುಂಗಡವನ್ನು ಬ್ಯಾಂಕ್ ಖಾತೆಯಿಂದಲೇ ಕೊಟ್ಟೆವು. ಸರಿಯಾದ ಮುದ್ರಾಂಕದ ಮೇಲೆ ಕರಾರುಪತ್ರ ಆಯಿತು. ಸಾಲ ಸಿಗದಿದ್ದರೆ ಅಥವಾ ಪತ್ರದಲ್ಲಿ ದೋಷ ಕಂಡರೆ ಇಷ್ಟು ದಿನದೊಳಗೆ ಮುಂಗಡ ಹಿಂದಿರುಗಿಸಬೇಕು ಎಂಬ ಸಾಲನ್ನು ನಾನೇ ಹೇಳಿ ಬರೆಸಿದೆ. ಬ್ಯಾಂಕಿನ ವಕೀಲರು ನೋಡಿದ್ದಾರಲ್ಲ ಎಂದು ಸುಮ್ಮನಾಗದೆ ನಮ್ಮ ವಕೀಲರಿಂದಲೂ ಅಭಿಪ್ರಾಯ ಪಡೆದೆವು. ಬ್ಯಾಂಕಿನವರು ನೋಡುವುದು ಬ್ಯಾಂಕಿನ ಹಣ ಸುರಕ್ಷಿತವೇ ಎಂದು.

ಹಾಲು ಉಕ್ಕಿದ ಮೇಲೆ

ಪತ್ರ ನೋಂದಣಿ ಆದ ದಿನವೇ ಕೆಲಸ ಮುಗಿಯಲಿಲ್ಲ. ಖಾತೆಯನ್ನು ನಮ್ಮ ಹೆಸರಿಗೆ ಮಾಡಿಸಬೇಕು, ಬೆಸ್ಕಾಂ ಮೀಟರ್ ಮತ್ತು ನೀರಿನ ಸಂಪರ್ಕದ ಹೆಸರು ಬದಲಿಸಬೇಕು. ಹಳೆಯ ಮಾಲೀಕರಿಂದ ಕೊನೆಯ ಕರೆಂಟ್ ಬಿಲ್, ನೀರಿನ ಬಿಲ್, ತೆರಿಗೆ ರಸೀದಿ ಪಡೆದುಕೊಳ್ಳಿ. ಇಲ್ಲದಿದ್ದರೆ ಅವರ ಬಾಕಿ ನಿಮ್ಮ ತಲೆಗೆ ಬರುತ್ತದೆ. ಗೃಹಜ್ಯೋತಿ ಪಡೆಯುತ್ತಿದ್ದರೆ ಹಳೆ ಮನೆಯ ಆರ್‌ಆರ್ ಸಂಖ್ಯೆಯಿಂದ ಆಧಾರ್ ಬಿಡಿಸಿ ಹೊಸ ಮನೆಗೆ ಜೋಡಿಸಬೇಕು. ಆಧಾರ್, ಗ್ಯಾಸ್, ಬ್ಯಾಂಕ್, ಪಡಿತರ ಚೀಟಿಯ ವಿಳಾಸ ಬದಲಿಸಿ. ಮತದಾರರ ಪಟ್ಟಿಗೆ ನಮೂನೆ 8 ತುಂಬಿ. ಬಾಡಿಗೆ ಮನೆ ಖಾಲಿ ಮಾಡುವ ಮೊದಲು ಪ್ರತಿ ಕೋಣೆಯ ವಿಡಿಯೊ ಮಾಡಿಟ್ಟುಕೊಳ್ಳಿ, ಅಡ್ವಾನ್ಸ್ ಹಿಂದೆ ಪಡೆಯುವಾಗ ಮಾತಿಗೆ ಆಧಾರ ಇರುತ್ತದೆ.

ಸಾಮಾನು ತುಂಬುವುದಕ್ಕೂ ಒಂದು ಕ್ರಮ ಇದೆ. ಆರು ಮನೆ ಬದಲಿಸಿದ ಅಮ್ಮ ಇದರಲ್ಲಿ ಪ್ರೊಫೆಸರ್. ಪತ್ರಗಳು, ಒಡವೆ, ಅಂಕಪಟ್ಟಿಗಳು ಒಂದೇ ಕೈಚೀಲದಲ್ಲಿ, ಆ ಚೀಲ ಅಮ್ಮನ ಹೆಗಲಲ್ಲೇ. ಪ್ರತಿ ಡಬ್ಬಕ್ಕೂ ಸಂಖ್ಯೆ, ಒಳಗೇನಿದೆ ಎಂಬುದು ನೋಟ್‌ಬುಕ್ಕಿನಲ್ಲಿ. ಸ್ಟೌ, ಲೈಟರ್, ಹಾಲಿನ ಪಾತ್ರೆ, ಕಾಫಿಪುಡಿ, ಚಾಪೆ, ಒಂದು ಬಲ್ಬು, ಸ್ಕ್ರೂಡ್ರೈವರ್ ಇರುವ ಡಬ್ಬ ಕೊನೆಗೆ ಹತ್ತಬೇಕು, ಮೊದಲು ಇಳಿಯಬೇಕು. ಪಾತ್ರೆಗಳ ನಡುವೆ ಹಳೆ ಸೀರೆ ಸುತ್ತಬೇಕು. ಉಪ್ಪಿನಕಾಯಿ ಜಾಡಿಯನ್ನು ಟಾಟಾ ಏಸ್‌ಗೆ ಹಾಕದೆ ಮಡಿಲಲ್ಲಿಟ್ಟುಕೊಂಡೇ ಹೋಗಬೇಕು. ತುಳಸಿ ಗಿಡ ಅಜ್ಜಿಯ ಜೊತೆ ಆಟೊದಲ್ಲಿ ಬಂತು.

ಹೋಗುವ ವಾರದ ಮುಂಚೆಯೇ ಸಂಪು ಮತ್ತು ಟ್ಯಾಂಕ್ ತೊಳೆಸಿದೆವು. ಮುಂಬಾಗಿಲ ಬೀಗ ಬದಲಿಸಿದೆವು, ಹಳೆ ಬೀಗದ ಕೈ ಎಷ್ಟು ಜನರ ಬಳಿ ಇದೆಯೋ ಯಾರಿಗೆ ಗೊತ್ತು. ತೇವದ ಗೋಡೆಗೆ ಮೊದಲು ಮದ್ದು ಮಾಡಿಸಿ, ಒಣಗಲು ಬಿಟ್ಟು, ಆಮೇಲೆ ಬಣ್ಣ ಹೊಡೆಸಿದೆವು. ಮೇನ್ ಸ್ವಿಚ್ ಎಲ್ಲಿದೆ, ನೀರಿನ ಮುಖ್ಯ ವಾಲ್ವ್ ಯಾವುದು ಎಂದು ಮನೆಯ ಎಲ್ಲರಿಗೂ, ಅಜ್ಜಿಗೂ ತೋರಿಸಿಕೊಟ್ಟೆ. ಹಾಲು ಉಕ್ಕಿಸಿದ ದಿನ ಬಂದವರಲ್ಲಿ ಹಳೆಯ ಓನರ್ ಆಂಟಿಯೂ ಇದ್ದರು. ನಾವು ಬರುವುದಕ್ಕೆ ಅವರೇ ಹೆಚ್ಚು ಅತ್ತದ್ದು.

ನಮ್ಮ ವಯಸ್ಸಿನವರು ಈಗಲೇ ಮಾಡಬಹುದಾದದ್ದು

ನಾವಿನ್ನೂ ಮನೆ ಕೊಳ್ಳುವ ವಯಸ್ಸಿನವರಲ್ಲ, ನಿಜ. ಆದರೆ ಸಾಲದ ಚರಿತ್ರೆ ಈಗಲೇ ಶುರುವಾಗುತ್ತದೆ. ಮೊಬೈಲಿಗೆ ಕಟ್ಟುವ ಕಂತು, ಕ್ರೆಡಿಟ್ ಕಾರ್ಡು, ಶಿಕ್ಷಣ ಸಾಲ, ಯಾವುದನ್ನು ತಡಮಾಡಿದರೂ ಕ್ರೆಡಿಟ್ ಸ್ಕೋರ್ ಇಳಿಯುತ್ತದೆ. 300ರಿಂದ 900ರವರೆಗಿನ ಆ ಸಂಖ್ಯೆಯನ್ನು ನೋಡಿಯೇ ನಾಳೆ ಬ್ಯಾಂಕು ನಿಮ್ಮ ಬಡ್ಡಿದರ ನಿರ್ಧರಿಸುತ್ತದೆ. ಕೆಲಸ ಸಿಕ್ಕ ಮೊದಲ ವರ್ಷವೇ ದೊಡ್ಡ ಕಂತಿಗೆ ಕೊರಳೊಡ್ಡಬೇಡಿ. ಊರು ಬದಲಾಗಬಹುದು, ಕಂಪನಿ ಬದಲಾಗಬಹುದು, ಕೆಲಸವೇ ಹೋಗಬಹುದು. ಆರು ತಿಂಗಳ ಖರ್ಚು ಕೈಯಲ್ಲಿಟ್ಟುಕೊಂಡು, ಕಂತು ಸಂಬಳದ ಮೂರನೇ ಒಂದು ಭಾಗದ ಆಸುಪಾಸಿನಲ್ಲಿರುವಂತೆ ನೋಡಿಕೊಂಡರೆ ನಿದ್ದೆ ಬರುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ಅಪ್ಪ ಅಮ್ಮ ಮನೆಯನ್ನೋ ಸೈಟನ್ನೋ ನೋಡಲು ಹೊರಟರೆ ಜೊತೆಗೆ ಹೋಗಿ. ಅವರಿಗೆ ಜನ ಗೊತ್ತು, ನಮಗೆ ಜಾಲತಾಣ ಗೊತ್ತು. ಇಸಿ ತೆಗೆಯುವುದು, ರೇರಾದಲ್ಲಿ ಹುಡುಕುವುದು, ಕಂತಿನ ಲೆಕ್ಕ ಹಾಕುವುದು ನಮಗೆ ಅರ್ಧ ಗಂಟೆಯ ಕೆಲಸ. ಅವರಿಗೆ ಅದು ಜೀವಮಾನದ ಉಳಿತಾಯ. ಇಂಟರ್ನಲ್ಸ್ ಮತ್ತೆ ಬರುತ್ತವೆ.

ಅಮ್ಮನ ಬಳೆ ಬಿಡಿಸಿಕೊಂಡು ಬಂದಾಯಿತು. ಹೊಸ ಮನೆಗೆ ಬಂದ ಮೊದಲ ರಾತ್ರಿ ಸಾಮಾನಿನ ನಡುವೆಯೇ ಚಾಪೆ ಹಾಸಿ ಮಲಗಿದ್ದೆವು. ಅಜ್ಜಿ ತಾತನ ಫೋಟೊ ಹಿಡಿದು ಕೋಣೆಯಿಂದ ಕೋಣೆಗೆ ಓಡಾಡುತ್ತಿದ್ದರು. ಕೊನೆಗೆ ಹಾಲ್‌ನ ಗೋಡೆಯ ಮುಂದೆ ನಿಂತು, ದನಿ ತಗ್ಗಿಸಿ, ‘ಇಲ್ಲಿ ಮೊಳೆ ಹೊಡೀಬಹುದೇನೋ, ಓನರ್ ಏನಾದ್ರೂ ಅಂತಾರಾ?’ ಎಂದು ಅಪ್ಪನನ್ನು ಕೇಳಿದರು. ಅಪ್ಪ ಮಾತಾಡದೆ ಎದ್ದು ಹೋಗಿ ಸುತ್ತಿಗೆ ತಂದರು.